ಮಳೆ ಹಿಡಿಯುವ ಮೊದಲು ಯಾವ ಡಿಸ್ಟೋಪಿಯ ತರಿಸಿಕೊಳ್ಳಬೇಕು?

ಜೂನ್ ಹತ್ತಿರ ಬಂದಂತೆ ಕೊಡಗಿನ ಮನೆಗಳಲ್ಲಿ ಸೌದೆ ಒಳಗೆ ಬರುತ್ತದೆ, ದಿನಸಿ ತುಂಬುತ್ತದೆ, ಟಾರ್ಚಿಗೆ ಹೊಸ ಸೆಲ್ ಬೀಳುತ್ತದೆ. ಓದುವ ಹುಡುಗ ಹುಡುಗಿಯರಿರುವ ಮನೆಯಲ್ಲಿ ಅದೇ ಹೊತ್ತಿಗೆ ಇನ್ನೊಂದು ಲೆಕ್ಕವೂ ಶುರುವಾಗುತ್ತದೆ. ಮಳೆ ರಜೆಗಳಿಗೆ ಯಾವ ಪುಸ್ತಕ? ಹೈಸ್ಕೂಲು, ಪಿಯುಸಿ ವಯಸ್ಸಿನವರ ಬಾಯಲ್ಲಿ ಹೆಚ್ಚಾಗಿ ಕೇಳಿಬರುವುದು ಡಿಸ್ಟೋಪಿಯ, ಅಂದರೆ ಕೆಟ್ಟುಹೋದ ನಾಳೆಯ ಲೋಕದ ಕಾದಂಬರಿಗಳ ಹೆಸರು. ‘ಹಂಗರ್ ಗೇಮ್ಸ್’ ತರಿಸುವುದೋ, ‘ಡೈವರ್ಜೆಂಟ್’ ತರಿಸುವುದೋ, ‘ಮೇಜ್ ರನ್ನರ್’ ಚೆನ್ನಾಗಿದೆಯೋ, ಟೀಚರ್ ಹೇಳಿದ ‘ದಿ ಗಿವರ್’ ಸಾಕೋ?

ಎಲ್ಲದರ ಬೇರೂ ಒಂದೇ. ನಾಳೆಯ ಒಂದು ಸಮಾಜ, ಹೊರಗೆ ಶಿಸ್ತು, ಒಳಗೆ ದಬ್ಬಾಳಿಕೆ. ಅದರ ಸುಳ್ಳನ್ನು ಒಬ್ಬ ಹುಡುಗಿಯೋ ಹುಡುಗನೋ ಕಂಡುಹಿಡಿಯುವುದು. ಆದರೆ ಓದುವಾಗ ಸಿಗುವ ಅನುಭವ ಒಂದರಂತೆ ಇನ್ನೊಂದಿಲ್ಲ. ಹನ್ನೆರಡರ ಮಗುವಿಗೆ ಕೊಡಬಹುದಾದ್ದಿದೆ, ಹದಿನೈದರವರೆಗೆ ಕಾಯಬೇಕಾದ್ದಿದೆ. ನೂರೆಂಬತ್ತು ಪುಟಕ್ಕೆ ಮುಗಿಯುವುದಿದೆ, ಮೂರು ಸಂಪುಟ ಓದಿದರೂ ಉತ್ತರ ಸಿಗದ್ದೂ ಇದೆ. ಇಲ್ಲಿ ಹೆಸರಿಸಿದವನ್ನೆಲ್ಲ ಇಂಗ್ಲಿಷಿನಲ್ಲೇ ಓದುವುದು ಎಂದಿಟ್ಟುಕೊಂಡು ತೂಗಿದ್ದೇವೆ.

ಯಾವುದನ್ನು ನೋಡಿ ಆರಿಸಬೇಕು

ಸಿನಿಮಾ ಓಡಿತೇ ಎಂಬುದು ನಮ್ಮ ಅಳತೆಯಲ್ಲ. ಮೊದಲು ಕೇಳಬೇಕಾದ್ದು ಇದು: ಸರಣಿಯ ಮೊದಲ ಪುಸ್ತಕ ತನ್ನಷ್ಟಕ್ಕೆ ತಾನು ಮುಗಿಯುತ್ತದೆಯೇ? ಈ ಬಗೆಯ ಕಥೆಗಳಲ್ಲಿ ಬಹುಪಾಲು ಮೂರು ಭಾಗದವು. ಕೆಲವು ಲೇಖಕರು ಮೊದಲ ಭಾಗದ ಕೊನೆಗೆ ಬಾಗಿಲು ಹಾಕಿ ಕಿಟಕಿಯನ್ನಷ್ಟೇ ತೆರೆದಿಡುತ್ತಾರೆ. ಕೆಲವರು ಓದುಗನನ್ನು ಹೊಸ್ತಿಲ ಮೇಲೆ ನಿಲ್ಲಿಸಿ ಹೊರಟುಬಿಡುತ್ತಾರೆ. ಬೆಂಗಳೂರಿನವರಿಗೆ ಇದು ದೊಡ್ಡ ವಿಷಯವಲ್ಲ, ಎರಡನೆಯ ಭಾಗ ಮಾರನೆಯ ದಿನ ಕೈಗೆ ಬರುತ್ತದೆ. ಕೊಡಗಿಗೆ ರೈಲಿಲ್ಲ, ಎಲ್ಲವೂ ರಸ್ತೆಯಲ್ಲೇ ಬರಬೇಕು. ಕಕ್ಕಡದ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ ಮರ ಬಿದ್ದೋ ಮಣ್ಣು ಜರಿದೋ ರಸ್ತೆ ಮುಚ್ಚಿದರೆ ಪಾರ್ಸೆಲ್ ಎಲ್ಲಿ ನಿಲ್ಲುತ್ತದೋ ಹೇಳಲಾಗದು. ಕಥೆಯನ್ನು ಅರ್ಧಕ್ಕೆ ಬಿಟ್ಟು ಎರಡು ವಾರ ಕಾದ ಮಗು ಮತ್ತೆ ಆ ಸರಣಿಗೆ ಮರಳುವುದು ಕಷ್ಟ.

ಎರಡನೆಯದು ಇಂಗ್ಲಿಷು. ಪುಟಗಳ ಸಂಖ್ಯೆ ನೋಡಿ ಮೋಸಹೋಗಬೇಡಿ, ಅಕ್ಷರದ ಗಾತ್ರ ಮುದ್ರಣದಿಂದ ಮುದ್ರಣಕ್ಕೆ ಬದಲಾಗುತ್ತದೆ. ಪದಗಳ ಲೆಕ್ಕ ನಂಬಬಹುದು. ಇಂಗ್ಲಿಷ್ ಕಾದಂಬರಿಗೆ ಹೊಸಬರಾದವರು ನಿಮಿಷಕ್ಕೆ ಸುಮಾರು 100 ಪದ ಓದುತ್ತಾರೆಂದು ಹಿಡಿಯಿರಿ. ದಿನಕ್ಕೊಂದು ಗಂಟೆ ಎಂದರೆ 6,000 ಪದ. ‘ದಿ ಗಿವರ್’ ಸುಮಾರು 43,000 ಪದದ್ದು, ವಾರಕ್ಕೆ ಮುಗಿಯುತ್ತದೆ. ‘ಹಂಗರ್ ಗೇಮ್ಸ್’ ಒಂದು ಲಕ್ಷ ಪದದ ಹತ್ತಿರ, ಹದಿನೇಳು ದಿನ ಬೇಕು. ಕನ್ನಡ ಮಾಧ್ಯಮದಿಂದ ಬಂದ ಮಗುವಿನ ಕೈಗೆ ಮೊದಲೇ ದಪ್ಪ ಪುಸ್ತಕ ಕೊಟ್ಟರೆ ಐದನೇ ದಿನಕ್ಕೆ ಅದು ಮಡಿಸಿಟ್ಟಲ್ಲೇ ಉಳಿಯುತ್ತದೆ. ಹಾಗಾದಾಗ ತಪ್ಪು ಪುಸ್ತಕ ಆರಿಸಿದವರದು, ಮಗುವಿನದಲ್ಲ.

ಮೂರನೆಯದು ಕಥೆಯೊಳಗಿನ ಕ್ರೌರ್ಯ. ಎಷ್ಟು ಸಾವು ಎಂಬುದಕ್ಕಿಂತ ಎಂಥ ಸಾವು, ಯಾರ ಸಾವು ಎಂಬುದು ಮುಖ್ಯ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡ ಕುಟುಂಬಗಳು ಇಲ್ಲಿವೆ. ಆಗ ಎಳೆಯ ಮಕ್ಕಳಾಗಿದ್ದವರು ಈಗ ಈ ಪುಸ್ತಕಗಳನ್ನು ಓದುವ ವಯಸ್ಸಿಗೆ ಬಂದಿದ್ದಾರೆ. ಅಂಥವರಿಗೆ ಅರಮನೆಯ ದುಷ್ಟನ ಕಥೆಗಿಂತ ಪ್ರಕೃತಿ ತಿರುಗಿಬಿದ್ದ ಕಥೆ ಭಾರವಾಗಬಹುದು.

ನಾಲ್ಕನೆಯದು ಹಣ. ಭಾರತದಲ್ಲಿ ಸಿಗುವ ಪೇಪರ್‌ಬ್ಯಾಕ್ ಒಂದಕ್ಕೆ ಸಾಮಾನ್ಯವಾಗಿ 300ರಿಂದ 500 ರೂಪಾಯಿ. ಮೂರು ಭಾಗವೆಂದರೆ 900ರಿಂದ 1,500ರ ಲೆಕ್ಕ. ಬಾಕ್ಸ್ ಸೆಟ್ ಬಿಡಿಗಿಂತ ಅಗ್ಗ ಬೀಳುವುದು ನಿಜ, ಆದರೆ ಮೊದಲ ಭಾಗವೇ ಹಿಡಿಸದಿದ್ದರೆ ಉಳಿದೆರಡು ಕಪಾಟಿನಲ್ಲಿ ಬೂಸ್ಟು ಹಿಡಿಯುತ್ತವೆ.

ಚಿಕ್ಕದು, ಆದರೆ ಹಗುರವಲ್ಲ: ‘ದಿ ಗಿವರ್’

ಲೋಯಿಸ್ ಲೌರಿ ಇದನ್ನು ಪ್ರಕಟಿಸಿದ್ದು 1993ರಲ್ಲಿ. ಅಮೆರಿಕದಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ನ್ಯೂಬೆರಿ ಪದಕ 1994ರಲ್ಲಿ ಇದಕ್ಕೆ ಸಂದಿತು. ಹನ್ನೆರಡು ತುಂಬಲಿರುವ ಜೋನಸ್‌ನ ಊರಿನಲ್ಲಿ ಜಗಳವಿಲ್ಲ, ಹಸಿವಿಲ್ಲ, ಯಾರೂ ಏನನ್ನೂ ಆರಿಸಿಕೊಳ್ಳಬೇಕಾಗಿಲ್ಲ. ಕೆಲಸವನ್ನೂ ಸಂಗಾತಿಯನ್ನೂ ಹಿರಿಯರೇ ಗೊತ್ತುಮಾಡುತ್ತಾರೆ. ಆ ಊರಿನಲ್ಲಿ ಹವಾಮಾನವನ್ನೂ ಹತೋಟಿಗೆ ತಂದಿದ್ದಾರೆ. ಬೆಳೆಗೆ ತೊಂದರೆಯೆಂದು ಹಿಮ ಇಲ್ಲ, ಸಾಗಾಟಕ್ಕೆ ತೊಡಕೆಂದು ಗುಡ್ಡಗಳಿಲ್ಲ. ಗುಡ್ಡ, ಮಳೆ, ಮಂಜುಗಳ ನಡುವೆ ಬೆಳೆದ ಓದುಗನಿಗೆ ಈ ಎರಡು ಸಾಲು ಹೊಡೆಯುವ ಹಾಗೆ ಬಯಲುಸೀಮೆಯವನಿಗೆ ಹೊಡೆಯಲಾರದು. ರಸ್ತೆ ಕುಸಿದಾಗಲೆಲ್ಲ ಈ ಗುಡ್ಡಗಳೇ ಇಲ್ಲದಿದ್ದರೆ ಎಂದು ಬೈದುಕೊಂಡವರು ನಾವು. ಆ ಬೈಗುಳ ನಿಜವಾದರೆ ಲೋಕ ಹೇಗಿರುತ್ತದೆಂದು ಈ ಪುಸ್ತಕ ತೋರಿಸುತ್ತದೆ.

ವಾಕ್ಯಗಳು ಸರಳ, ಅಧ್ಯಾಯಗಳು 23. ಒಂದೇ ಎಚ್ಚರಿಕೆ: ಸರಳ ವಾಕ್ಯದ ಒಳಗೆ ಲೇಖಕಿ ಬಹಳಷ್ಟು ಬಚ್ಚಿಡುತ್ತಾರೆ. ‘ರಿಲೀಸ್’ ಎಂಬ ಪದ ಮೊದಲ ಪುಟಗಳಲ್ಲೇ ಬರುತ್ತದೆ. ಅದು ಬಂದಲ್ಲೆಲ್ಲ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆಯುತ್ತ ಹೋಗಿ, ಪುಸ್ತಕ ಮುಗಿದ ಮೇಲೆ ಆ ಗೆರೆಗಳನ್ನಷ್ಟೇ ಮತ್ತೆ ಓದಿ. ಎರಡನೇ ಓದು ಮೊದಲನೆಯದಕ್ಕಿಂತ ನಡುಗಿಸುತ್ತದೆ. 19ನೇ ಅಧ್ಯಾಯದಲ್ಲಿ ಒಂದು ಹಸುಗೂಸಿಗೆ ಸಂಬಂಧಿಸಿದ ದೃಶ್ಯವಿದೆ. ರಕ್ತವಿಲ್ಲ, ಕೂಗಾಟವಿಲ್ಲ, ಆದರೂ ಇಡೀ ಪಟ್ಟಿಯಲ್ಲಿ ಅದರಷ್ಟು ಕಲಕುವ ಪುಟ ಬೇರೊಂದಿಲ್ಲ. ಮನೆಯಲ್ಲಿ ಎಳೆ ಮಗು ಇರುವ ಹನ್ನೊಂದು ಹನ್ನೆರಡರವರು ಇದನ್ನು ಓದುವಾಗ ಅಮ್ಮನೋ ಅಕ್ಕನೋ ಹತ್ತಿರವಿದ್ದು ಆಮೇಲೆ ಮಾತಾಡುವುದು ಒಳ್ಳೆಯದು.

ಕೊನೆ ಎರಡು ಅರ್ಥಕ್ಕೆ ತೆರೆದಿದೆ. ಇದರಿಂದ ಸಿಟ್ಟಾಗುವವರೂ ಉಂಟು. ಅವರಿಗೆ ‘ಗ್ಯಾದರಿಂಗ್ ಬ್ಲೂ’ (2000), ‘ಮೆಸೆಂಜರ್’ (2004), ‘ಸನ್’ (2012) ಇವೆ. ಇವುಗಳಲ್ಲಿ ಮೊದಲನೆಯದು ಬೇರೆಯೇ ಊರಿನ ಕಥೆ, ಜೋನಸ್‌ನ ಸುದ್ದಿಗಾಗಿ ಅದನ್ನು ಹಿಡಿದರೆ ನಿರಾಸೆ. ಆದರೆ ಮುಂದಿನ ಭಾಗ ಕೊಳ್ಳದೆಯೂ ಪೂರ್ತಿ ಊಟ ಮಾಡಿದಂತಾಗುವ ಪುಸ್ತಕ ‘ದಿ ಗಿವರ್’ ಎಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಇನ್ನೂ ಚಿಕ್ಕವರಿಗೆ, ಅಂದರೆ ಹತ್ತರಿಂದ ಹನ್ನೆರಡರವರಿಗೆ, ಜೀನ್ ಡೂಪ್ರೋ ಬರೆದ ‘ದಿ ಸಿಟಿ ಆಫ್ ಎಂಬರ್’ (2003). ಸೂರ್ಯನನ್ನೇ ಕಾಣದ ಊರು, ನೆಲದಡಿಯ ನದಿಯಿಂದ ನಡೆಯುವ ಒಂದೇ ಜನರೇಟರು, ಅದೂ ಹಳತಾಗಿ ಪದೇಪದೇ ಕೈಕೊಡುತ್ತಿದೆ. ಮೇಣದ ಬತ್ತಿ, ಟಾರ್ಚು ಯಾರಿಗೂ ಗೊತ್ತಿಲ್ಲ. ಹನ್ನೆರಡಾದ ಮಕ್ಕಳು ಚೀಟಿ ಎತ್ತಿ ಬಂದ ಕೆಲಸಕ್ಕೆ ಹೋಗಬೇಕು. ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದೆ ಕಳೆದ ಮಗುವಿಗೆ ಈ ಕತ್ತಲೆಯನ್ನು ವಿವರಿಸಬೇಕಾಗಿಲ್ಲ. ತುಂಡುತುಂಡಾದ ಒಂದು ಹಳೆಯ ಕಾಗದವನ್ನು ಅಕ್ಷರಗಳು ಹಾರಿಹೋದಂತೆಯೇ ಪುಟದಲ್ಲಿ ಅಚ್ಚುಮಾಡಿದ್ದಾರೆ. ಮುಂದೆ ಓದುವ ಮೊದಲು ಅದನ್ನೊಂದು ಹಾಳೆಗೆ ನಕಲು ಮಾಡಿಕೊಂಡು ಬಿಟ್ಟ ಸ್ಥಳ ತುಂಬಿನೋಡಲು ಹೇಳಿ. ಇಂಗ್ಲಿಷಿಗೂ ಒಳ್ಳೆಯ ಅಭ್ಯಾಸ, ಒಂದು ಮಧ್ಯಾಹ್ನವೂ ಕಳೆಯುತ್ತದೆ. ಕೊನೆಯಲ್ಲಿ ಮುಖ್ಯ ಒಗಟು ಬಿಡಿಸಿಕೊಳ್ಳುತ್ತದೆ. ಮುಂದಿನ ಭಾಗ ಬೇಕಾದರೆ ‘ದಿ ಪೀಪಲ್ ಆಫ್ ಸ್ಪಾರ್ಕ್ಸ್’ (2004). ಮೂರನೆಯದಾಗಿ ಬಂದದ್ದು ಹಿಂದಿನ ಕಾಲದ ಕಥೆ, ಅದನ್ನು ಸದ್ಯಕ್ಕೆ ದಾಟಿ.

‘ಹಂಗರ್ ಗೇಮ್ಸ್’ಗೆ ಅಷ್ಟು ಹೆಸರು ಯಾಕೆ

ಸುಝಾನ್ ಕಾಲಿನ್ಸ್ ಬರೆದ ಮೂರು ಭಾಗಗಳು 2008, 2009, 2010ರಲ್ಲಿ ಬಂದವು. ಹನ್ನೆರಡು ಜಿಲ್ಲೆಗಳಿಂದ ತಲಾ ಒಬ್ಬ ಹುಡುಗ, ಒಬ್ಬ ಹುಡುಗಿ, ಒಟ್ಟು 24 ಮಂದಿ. ಅವರನ್ನು ಒಂದು ಕಾಡಿಗೆ ಬಿಟ್ಟು ಒಬ್ಬರು ಉಳಿಯುವವರೆಗೆ ಕೊಲ್ಲಿಸಿ ಟಿವಿಯಲ್ಲಿ ತೋರಿಸುತ್ತಾರೆ. ಸಾರಾಂಶ ಕೇಳಿದರೆ ಬರೀ ಕೊಲೆಯ ಕಥೆ ಎನಿಸುತ್ತದೆ. ಓದಿದರೆ ಹಾಗಲ್ಲ, ಇದು ಹಸಿವಿನ ಕಥೆ.

ಒಂದು ವಿವರ ಸಾಕು. ಚೀಟಿ ಎತ್ತುವ ಪಟ್ಟಿಗೆ ಹನ್ನೆರಡನೇ ವಯಸ್ಸಿಗೆ ಹೆಸರು ಒಂದು ಸಲ, ಹದಿಮೂರಕ್ಕೆ ಎರಡು ಸಲ, ಹೀಗೆ ವರ್ಷಕ್ಕೊಂದು ಏರುತ್ತದೆ. ಬಡವರ ಮಕ್ಕಳಾದರೆ ಹೆಸರನ್ನು ಇನ್ನೊಂದು ಸಲ ಸೇರಿಸಿ ಒಬ್ಬರಿಗೆ ಒಂದು ವರ್ಷಕ್ಕಾಗುವಷ್ಟು ಧಾನ್ಯ, ಎಣ್ಣೆ ಪಡೆಯಬಹುದು. ಕಥಾನಾಯಕಿ ಕ್ಯಾಟ್‌ನಿಸ್ ತನಗೆ, ತಾಯಿಗೆ, ತಂಗಿಗೆ ಎಂದು ಪ್ರತಿವರ್ಷ ಮೂರು ಸಲ ಹೀಗೆ ಮಾಡಿದ್ದಾಳೆ. ಹದಿನಾರಕ್ಕೆ ಅವಳ ಹೆಸರು ಪಟ್ಟಿಯಲ್ಲಿ 20 ಸಲ. ಅವಳ ಗೆಳೆಯ ಗೇಲ್‌ನದು 42 ಸಲ. ರೇಷನ್ನಿಗಾಗಿ ಮಗು ತನ್ನ ಜೀವದ ಪಾಲನ್ನು ಮಾರಿಕೊಳ್ಳುವ ಈ ಲೆಕ್ಕ ಅರ್ಥವಾದರೆ ಇಡೀ ದೇಶದ ನಡೆ ಅರ್ಥವಾಗುತ್ತದೆ. ಸಿನಿಮಾದಲ್ಲಿ ಇದು ಕಣ್ಣಿಗೆ ಬೀಳದಷ್ಟು ಬೇಗ ಹಾದುಹೋಗುತ್ತದೆ. ಬೇಲಿ ನುಸುಳಿ ಕಾಡಿಗೆ ಹೋಗಿ ಬೇಟೆಯಾಡುವ, ಗೆಡ್ಡೆ ಸೊಪ್ಪು ಗುರುತು ಹಿಡಿಯುವ ಅವಳ ಜ್ಞಾನ ಕಣಿಲೆ, ಅಣಬೆ, ಮದ್ದುಸೊಪ್ಪು ಹುಡುಕಿ ಗೊತ್ತಿರುವ ಮನೆಯವರಿಗೆ ಪರಕೀಯವೆನಿಸದು. ಕ್ಯಾಟ್‌ನಿಸ್ ಎಂಬುದೇ ನೀರಲ್ಲಿ ಬೆಳೆಯುವ ಒಂದು ಗೆಡ್ಡೆಯ ಹೆಸರು.

ಇಂಗ್ಲಿಷು ವೇಗದ್ದು, ಕಠಿಣವಲ್ಲ. ಕ್ಯಾಟ್‌ನಿಸ್ ತಾನೇ, ಅದೂ ವರ್ತಮಾನ ಕಾಲದಲ್ಲಿ ಹೇಳುತ್ತಾಳೆ. ಮೂರೂ ಪುಸ್ತಕಗಳಲ್ಲಿ 27 ಅಧ್ಯಾಯ, ಒಂಬತ್ತರಂತೆ ಮೂರು ಪಾಲು. ದಿನಕ್ಕೊಂದು ಅಧ್ಯಾಯ ಎಂದರೆ ತಿಂಗಳೊಳಗೆ ಒಂದು ಪುಸ್ತಕ. ಆದರೆ ಅಧ್ಯಾಯದ ಕೊನೆಗೇ ನಿಲ್ಲಿಸಲು ಹೋಗಬೇಡಿ, ಪ್ರತಿ ಅಧ್ಯಾಯವೂ ತುದಿಗಾಲಲ್ಲಿ ಮುಗಿಯುತ್ತದೆ, ನಿದ್ದೆ ಕೆಡುತ್ತದೆ. ಅಧ್ಯಾಯದ ನಡುವೆ, ಮಾತುಕತೆ ನಿಂತ ಕಡೆ ಗುರುತಿಟ್ಟರೆ ಮಲಗಬಹುದು.

ಮೊದಲ ಪುಸ್ತಕ ಆಟದ ಕಥೆಯನ್ನು ಮುಗಿಸುತ್ತದೆ. ಹಾಗಾಗಿ ಬಿಡಿಯಾಗಿ ಕೊಳ್ಳಲು ಇದು ಸುರಕ್ಷಿತ. ಎರಡನೆಯದು ಹಾಗಲ್ಲ, ಅದು ನಡುದಾರಿಯಲ್ಲಿ ಕೈಬಿಡುತ್ತದೆ. ಎರಡನೆಯದನ್ನು ತರಿಸುವುದಾದರೆ ಮೂರನೆಯದನ್ನೂ ಜೊತೆಗೇ ತರಿಸಿ. ಮೂರನೆಯದಾದ ‘ಮಾಕಿಂಗ್‌ಜೇ’ ಯುದ್ಧದ ಪುಸ್ತಕ. ಗೆದ್ದವರ ಮನಸ್ಸೂ ಹೇಗೆ ಒಡೆಯುತ್ತದೆ ಎಂಬುದೇ ಅದರ ವಸ್ತು. ರೋಚಕತೆಗಾಗಿ ಬಂದವರಿಗೆ ಇದು ನಿಧಾನವೆನಿಸುತ್ತದೆ. ನಮ್ಮ ಮಟ್ಟಿಗೆ ಸರಣಿಯ ಪ್ರಾಮಾಣಿಕತೆ ಇರುವುದೇ ಅಲ್ಲಿ. ಹದಿಮೂರಕ್ಕೆ ಮೊದಲ ಭಾಗ, ಹದಿನೈದಕ್ಕೆ ಮೂರನೆಯದು ಎಂದು ಅಂತರ ಬಿಟ್ಟರೂ ನಷ್ಟವಿಲ್ಲ.

ಹಿಂದಿನ ಕಾಲದ ಎರಡು ಕಥೆಗಳು ಆಮೇಲೆ ಬಂದಿವೆ. 2020ರದು ಹತ್ತನೇ ಆಟದ್ದು, 2025ರದು ಐವತ್ತನೆಯದರದು. ಕಥೆಯ ಕಾಲಕ್ರಮದಲ್ಲಿ ಓದೋಣವೆಂದು 2020ರದನ್ನು ಮೊದಲು ಹಿಡಿಯುವುದು ಎಲ್ಲೆಡೆ ಆಗುವ ತಪ್ಪು. ಅದು 500 ಪುಟ ದಾಟುವ, ನಿಧಾನಗತಿಯ ಪುಸ್ತಕ. ಮುಂದೆ ಸರ್ವಾಧಿಕಾರಿಯಾಗುವವನ ಹದಿಹರೆಯ ನಮ್ಮನ್ನು ಕಾಡಬೇಕಾದರೆ ಅವನು ಏನಾದನೆಂದು ಮೊದಲೇ ಗೊತ್ತಿರಬೇಕು. ಪ್ರಕಟವಾದ ಕ್ರಮವೇ ಸರಿಯಾದ ಕ್ರಮ.

ಉಳಿದ ಸರಣಿಗಳು

ವೆರೊನಿಕಾ ರಾತ್ ಬರೆದ ‘ಡೈವರ್ಜೆಂಟ್’ (2011) ಹೊಸ ಶಾಲೆಗೋ ಹಾಸ್ಟೆಲಿಗೋ ಹೊರಟ ಹದಿನಾಲ್ಕರವರಿಗೆ ತಟ್ಟನೆ ಹಿಡಿಸುತ್ತದೆ. ಹದಿನಾರಕ್ಕೆ ಐದು ಬಣಗಳಲ್ಲಿ ಒಂದನ್ನು ಆರಿಸಬೇಕು, ಆರಿಸಿದ್ದು ಬೇರೆಯಾದರೆ ಮನೆಯವರೇ ಬೇರೆಯಾಗುತ್ತಾರೆ. ತರಬೇತಿಯ ದೃಶ್ಯಗಳು ಬಿಗಿಯಾಗಿವೆ. ಬಣಗಳ ಹೆಸರುಗಳಾದ ಅಬ್ನೆಗೇಷನ್, ಆಮಿಟಿ, ಕ್ಯಾಂಡರ್, ಡಾಂಟ್‌ಲೆಸ್, ಎರುಡೈಟ್ ಐದೂ ನಿಘಂಟಿನಲ್ಲಿರುವ ಪದಗಳೇ: ತ್ಯಾಗ, ಸ್ನೇಹ, ನೇರ ನುಡಿ, ನಿರ್ಭೀತಿ, ವಿದ್ವತ್ತು. ಇಷ್ಟನ್ನು ಮೊದಲ ಪುಟದ ಒಳಬದಿಯಲ್ಲಿ ಬರೆದುಕೊಂಡರೆ ಅರ್ಧ ಗೊಂದಲ ಹೋಯಿತು. ದೌರ್ಬಲ್ಯ ಎಲ್ಲಿ ಎಂದರೆ, ಇಂಥ ಸಮಾಜ ಯಾಕೆ ಹುಟ್ಟಿತು ಎಂಬ ಪ್ರಶ್ನೆಗೆ ಉತ್ತರ ಮೂರನೇ ಪುಸ್ತಕಕ್ಕೆ ಬರುತ್ತದೆ, ಬಂದಾಗಲೂ ತೃಪ್ತಿ ಕೊಡುವುದಿಲ್ಲ. ಮೂರನೆಯದನ್ನು ಇಬ್ಬರು ಹೇಳುತ್ತಾರೆ, ಇಬ್ಬರ ದನಿಯೂ ಒಂದೇ ಆಗಿ ಕೇಳುವುದರಿಂದ ಅಧ್ಯಾಯದ ತಲೆಯಲ್ಲಿರುವ ಹೆಸರು ನೋಡದೆ ಮುಂದೆ ಹೋಗಬೇಡಿ. ಸಿನಿಮಾ ನೋಡಿ ಕಥೆ ಗೊತ್ತು ಎನ್ನುವವರಿಗೆ ಒಂದು ಮಾತು: 2016ರ ಚಿತ್ರದ ನಂತರ ಬರಬೇಕಿದ್ದ ಕೊನೆಯ ಚಿತ್ರ ಬರಲೇ ಇಲ್ಲ. ಅಂತ್ಯ ಪುಸ್ತಕದಲ್ಲಿ ಮಾತ್ರ ಇದೆ.

ಜೇಮ್ಸ್ ಡ್ಯಾಶ್ನರ್‌ನ ‘ದಿ ಮೇಜ್ ರನ್ನರ್’ (2009) ಓದಲು ಒಲ್ಲದವರನ್ನು ಓದಿಸುವ ಪುಸ್ತಕ. 62 ಪುಟ್ಟ ಅಧ್ಯಾಯಗಳು, ಬಸ್ಸಿನಲ್ಲಿ ಕುಶಾಲನಗರದಿಂದ ಮಡಿಕೇರಿ ತಲುಪುವಷ್ಟರಲ್ಲಿ ನಾಲ್ಕಾರು ಮುಗಿಯುತ್ತವೆ. ತೊಡಕು ಭಾಷೆಯದು. ಕಥೆಯ ಹುಡುಗರು ತಮ್ಮದೇ ಬೈಗುಳ, ಪದಗಳನ್ನು ಹುಟ್ಟಿಸಿಕೊಂಡಿದ್ದಾರೆ. ಶ್ಯಾಂಕ್, ಕ್ಲಂಕ್, ಗ್ರೀನಿ ಮುಂತಾದವನ್ನು ನಿಘಂಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಸಿಕ್ಕರೆ ಬೇರೆ ಅರ್ಥ ಸಿಗುತ್ತದೆ. ಹುಡುಕದೆ ಮುಂದೆ ಓದಿ, ಹತ್ತು ಅಧ್ಯಾಯಕ್ಕೆ ತಾನಾಗಿ ತಿಳಿಯುತ್ತದೆ. ನಮ್ಮ ಮೊದಲ ಅಳತೆಯಲ್ಲಿ ಇದು ಪೂರ್ತಿ ಸೋಲುತ್ತದೆ. ಮೊದಲ ಭಾಗ ಮುಗಿದಾಗ ಪ್ರಶ್ನೆಗಳು ಕಡಿಮೆಯಾಗಿರುವುದಿಲ್ಲ, ಹೆಚ್ಚಾಗಿರುತ್ತವೆ. ಮಳೆಗಾಲಕ್ಕೆ ಆರಿಸುವುದಾದರೆ ಮೂರೂ ಭಾಗ ಮೊದಲೇ ಮನೆಯಲ್ಲಿರಲಿ. ಇಲ್ಲದಿದ್ದರೆ ಏಪ್ರಿಲ್ ರಜೆಗೆ ಇಟ್ಟುಕೊಳ್ಳಿ.

ಮನೆಯಲ್ಲಿ ಓದುವವರು ಇಬ್ಬರಿದ್ದರೆ ಮೇರಿ ಲು ಬರೆದ ‘ಲೆಜೆಂಡ್’ (2011) ನೋಡಿ. ಹದಿನೈದರ ಹುಡುಗ, ಹದಿನೈದರ ಹುಡುಗಿ ಒಂದೊಂದು ಅಧ್ಯಾಯ ಹೇಳುತ್ತ ಹೋಗುತ್ತಾರೆ. ಅಣ್ಣ ತಂಗಿ ಪಾಳಿಯಲ್ಲಿ ಗಟ್ಟಿಯಾಗಿ ಓದಲು ಹೇಳಿ ಮಾಡಿಸಿದಂತಿದೆ.

ಹದಿನೈದು ದಾಟಿದವರಿಗೆ, ವಾದ ಮಾಡುವುದೆಂದರೆ ಇಷ್ಟವಿರುವವರಿಗೆ, ನೀಲ್ ಶುಸ್ಟರ್‌ಮನ್‌ನ ‘ಸೈತ್’ (2016). ಸಾವನ್ನೇ ಗೆದ್ದ ಲೋಕದಲ್ಲಿ ಜನಸಂಖ್ಯೆ ಮಿತಿಯಲ್ಲಿರಲು ಕೊಲ್ಲುವ ಅಧಿಕಾರ ಪಡೆದವರ ಕಥೆ. ಕೊಲೆಗಳನ್ನು ತಣ್ಣನೆಯ ದನಿಯಲ್ಲಿ ಹೇಳಿರುವುದರಿಂದ ಅವು ಹೆಚ್ಚು ಕೊರೆಯುತ್ತವೆ. ಮೊದಲ ಭಾಗ ಚೊಕ್ಕವಾಗಿ ಮುಗಿಯುತ್ತದೆ.

ಸೂಸನ್ ಬೆತ್ ಫೆಫರ್ ಅವರ ‘ಲೈಫ್ ಆಸ್ ವಿ ನ್ಯೂ ಇಟ್’ (2006) ಬಗ್ಗೆ ಎಚ್ಚರದಿಂದ ಹೇಳಬೇಕು. ಕ್ಷುದ್ರಗ್ರಹ ಬಡಿದು ಚಂದ್ರ ಭೂಮಿಗೆ ಹತ್ತಿರವಾಗುತ್ತದೆ. ಕರೆಂಟು ಹೋಗುತ್ತದೆ, ಅಂಗಡಿ ಖಾಲಿಯಾಗುತ್ತದೆ, ಒಂದು ಕುಟುಂಬ ಸೌದೆ ಒಲೆಯ ಸುತ್ತ ಒಂದೇ ಕೋಣೆಯಲ್ಲಿ ಚಳಿಗಾಲ ಕಳೆಯುತ್ತದೆ. ಎಲ್ಲವೂ ಹದಿನಾರರ ಹುಡುಗಿಯ ದಿನಚರಿಯಲ್ಲಿದೆ, ಇಂಗ್ಲಿಷು ಅತ್ಯಂತ ಸುಲಭ. ಡಬ್ಬಿಗಳನ್ನು ಎಣಿಸುವುದು, ಅಮ್ಮ ಸದ್ದಿಲ್ಲದೆ ಒಂದು ಊಟ ಬಿಡುವುದು ಇಂಥ ವಿವರಗಳಲ್ಲಿ ಇದರ ಶಕ್ತಿ ಇದೆ. ಇಲ್ಲಿ ಖಳನಾಯಕನೇ ಇಲ್ಲ. ಅದೇ ಕಾರಣಕ್ಕೆ, ಪರಿಹಾರ ಕೇಂದ್ರದಲ್ಲಿ ದಿನ ಕಳೆದ ನೆನಪಿರುವವರಿಗೆ ಮಳೆ ಸುರಿಯುವ ರಾತ್ರಿ ಇದನ್ನು ಕೊಡಬೇಡಿ. ಓದಬೇಕೆಂದು ಅವರೇ ಬಯಸಿದರೆ ಸುಗ್ಗಿಹಬ್ಬ ಪುತ್ತರಿ ಕಳೆದ ಮೇಲೆ, ಆಕಾಶ ತಿಳಿಯಾದಾಗ ಓದಲಿ.

ಕಾಸು ಕಡಿಮೆ ಇದ್ದರೆ

ಕೋರಿ ಡಾಕ್ಟರೋ ಬರೆದ ‘ಲಿಟಲ್ ಬ್ರದರ್’ (2008) ಕಾದಂಬರಿಯನ್ನು ಲೇಖಕರೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಾಂಬು ಸಿಡಿದ ಮೇಲೆ ಸರ್ಕಾರ ಪ್ರತಿಯೊಬ್ಬರ ಮೇಲೂ ಕಣ್ಣಿಡುತ್ತದೆ, ಹದಿನೇಳರ ಹುಡುಗ ಕಂಪ್ಯೂಟರ್ ಬುದ್ಧಿಯಿಂದ ಎದುರು ನಿಲ್ಲುತ್ತಾನೆ. ನಡುನಡುವೆ ಗೂಢಲಿಪಿ ಹೇಗೆ ಕೆಲಸ ಮಾಡುತ್ತದೆಂಬ ಪುಟಗಟ್ಟಲೆ ವಿವರಣೆಗಳಿವೆ. ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರಿಗೆ ಅವು ಹಬ್ಬ, ಉಳಿದವರು ದಾಟಿಕೊಂಡು ಹೋದರೂ ಕಥೆ ತಪ್ಪುವುದಿಲ್ಲ.

ಇನ್ನೊಂದು ದಾರಿ ಹಳೆಯದು. ಜಾರ್ಜ್ ಆರ್ವೆಲ್ ತೀರಿಕೊಂಡದ್ದು 1950ರಲ್ಲಿ. ನಮ್ಮ ಕಾನೂನಿನಂತೆ ಲೇಖಕರ ನಿಧನದ ನಂತರ 60 ವರ್ಷಕ್ಕೆ ಹಕ್ಕು ಮುಗಿಯುವುದರಿಂದ 2011ರಿಂದ ಅವರ ಕೃತಿಗಳು ಭಾರತದಲ್ಲಿ ಮುಕ್ತ. ಹಾಗಾಗಿಯೇ ‘ಅನಿಮಲ್ ಫಾರ್ಮ್’ ಅಷ್ಟು ಅಗ್ಗದ ಮುದ್ರಣಗಳಲ್ಲಿ ಸಿಗುತ್ತದೆ. ಹತ್ತೇ ಅಧ್ಯಾಯ. ಇದು ಮಕ್ಕಳಿಗೆಂದು ಬರೆದದ್ದಲ್ಲ, ಆದರೂ ‘ದಿ ಗಿವರ್’ ಓದಿದವರು ಧಾರಾಳವಾಗಿ ಹಿಡಿಯಬಹುದು.

ಗ್ರಂಥಾಲಯದಿಂದ ತರುವುದಾದರೆ ಲೇಖಕರ ಹೆಸರನ್ನು ಬರೆದುಕೊಂಡು ಹೋಗಿ, ಪುಸ್ತಕ ಸರಣಿಯ ಎಷ್ಟನೆಯದೆಂದು ಒಳಪುಟದಲ್ಲಿ ನೋಡಿ. ಯಾರೋ ದಾನ ಕೊಟ್ಟ ಎರಡನೇ ಭಾಗ ಮಾತ್ರ ಕಪಾಟಿನಲ್ಲಿರುವುದು ಅಪರೂಪವಲ್ಲ. ಪಾದಚಾರಿ ದಾರಿಯಲ್ಲಿ ಮಾರುವ ನಕಲಿ ಪ್ರತಿ ಬೇಡ. ಲೇಖಕರಿಗೆ ಅನ್ಯಾಯ ಎಂಬುದು ಒಂದು. ಜೊತೆಗೆ, ಪುಸ್ತಕವನ್ನು 16 ಅಥವಾ 32 ಪುಟಗಳ ಮಡಿಕೆಗಳಾಗಿ ಕಟ್ಟುವುದರಿಂದ ಒಂದು ಮಡಿಕೆ ತಪ್ಪಿದರೆ ಅಷ್ಟೂ ಪುಟ ಒಟ್ಟಿಗೆ ಇರುವುದಿಲ್ಲ. ಅದು ಗೊತ್ತಾಗುವುದು ಕಥೆಯ ಬಿಸಿಯಲ್ಲಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗಲೂ ಹಣ ಕೊಡುವ ಮುನ್ನ ಪುಟಸಂಖ್ಯೆಗಳನ್ನು ಒಮ್ಮೆ ಓಡಿಸಿ ನೋಡಿ.

ಕಾಗದವೋ ಪರದೆಯೋ

ತೋಟದ ನಡುವಿನ ಮನೆಯಾಗಿ, ನೆಟ್‌ವರ್ಕಿಗೆ ಗುಡ್ಡ ಹತ್ತಬೇಕಾದಲ್ಲಿ ತನ್ನದೇ ಬೆಳಕಿರುವ ಇ-ರೀಡರ್ ಬಹಳ ಸಹಾಯ. ಪೇಟೆಗೆ ಹೋದಾಗ ಸರಣಿಯಷ್ಟನ್ನೂ ಇಳಿಸಿಕೊಂಡು ವೈಫೈ ಆಫ್ ಮಾಡಿದರೆ ಒಂದು ಚಾರ್ಜು ವಾರಗಟ್ಟಲೆ ಬರುತ್ತದೆ. ಪದದ ಮೇಲೆ ಬೆರಳಿಟ್ಟರೆ ಅರ್ಥ ಬರುವುದು ಹೊಸ ಓದುಗರಿಗೆ ದೊಡ್ಡ ಆಸರೆ. ಕೊಳ್ಳುವ ಮೊದಲು ಆರಂಭದ ಅಧ್ಯಾಯಗಳ ಉಚಿತ ಮಾದರಿಯನ್ನೂ ಓದಬಹುದು. ಫೋನಿನಲ್ಲಿ ಓದುವುದು ಇದಕ್ಕೆ ಬದಲಿಯಲ್ಲ, ಕರೆಂಟಿಲ್ಲದ ದಿನ ಫೋನಿನ ಚಾರ್ಜು ತುರ್ತಿಗೆ ಬೇಕು. ಆಡಿಯೊ ಪುಸ್ತಕ ಕೈಗೆ ಕೆಲಸವಿರುವಾಗ ಕೇಳಲು ಚೆನ್ನ. ‘ಹಂಗರ್ ಗೇಮ್ಸ್’ ಸುಮಾರು 11 ಗಂಟೆಯದು, ಕಣದಲ್ಲಿ ಕಾಫಿ ಹರಡುತ್ತ ಮೂರ್ನಾಲ್ಕು ದಿನಕ್ಕೆ ಮುಗಿಸಬಹುದು. ಆದರೆ ‘ಮೇಜ್ ರನ್ನರ್’ನ ಕೃತಕ ಪದಗಳು ಕಿವಿಗೆ ಮಾತ್ರ ಬಿದ್ದರೆ ಹಿಡಿತಕ್ಕೆ ಬರುವುದಿಲ್ಲ.

ಕಾಗದದ ಪುಸ್ತಕ ಇನ್ನೊಬ್ಬರಿಗೆ ಕೊಡಬಹುದಾದ್ದು, ತೋಟದ ಕಾರ್ಮಿಕರ ಲೈನ್‌ಮನೆಯ ಮಗುವಿನಿಂದ ಹಿಡಿದು ಕೊಡವ ಕುಲದ ಮೂಲಮನೆಯಾದ ಐನ್‌ಮನೆಯ ಅಜ್ಜಿಯವರೆಗೆ ಕೈ ಬದಲಿಸಬಹುದಾದ್ದು. ಅದಕ್ಕಾಗಿ ಅದನ್ನು ಮಳೆಯಿಂದ ಉಳಿಸಬೇಕು. ಹೊರಗೋಡೆಗೆ ತಾಗಿಸಿ ಇಡಬೇಡಿ, ಮೂರು ಬೆರಳು ಗಾಳಿಗೆ ಜಾಗ ಬಿಡಿ. ತೇವ ಇರುವಾಗಲೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೂಸ್ಟು ಒಳಗೇ ಬೆಳೆಯುತ್ತದೆ. ಮುಚ್ಚುವ ಡಬ್ಬಿಯಾದರೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ತಿಂಗಳಿಗೊಮ್ಮೆ ಬದಲಿಸಿ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಹೊಗೆಗೆ ಕಾಗದ ಕಂದಿ ಅಂಟು ಬಿರಿಯುತ್ತದೆ. ರಟ್ಟಿನ ಮೇಲೆ ಬಿಳಿ ಪುಡಿ ಕಂಡರೆ ಒದ್ದೆ ಬಟ್ಟೆ ಮುಟ್ಟಿಸದೆ, ಬಿಸಿಲು ಬಂದ ದಿನ ಹೊರಗಿಟ್ಟು ಒಣ ಕುಂಚದಲ್ಲಿ ಗುಡಿಸಿ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಮಳೆ ಬಿಡುವು ಕೊಟ್ಟಾಗ ಎಲ್ಲವನ್ನೂ ಒಮ್ಮೆ ಬಿಚ್ಚಿ ಗಾಳಿಗಿಡಿ. ಎರಡನೇ ಭಾಗ ತರಿಸಬೇಕೇ ಎಂದು ಮಗುವನ್ನು ಕೇಳುವುದಕ್ಕೂ ಅದೇ ಸರಿಯಾದ ಸಮಯ.